ಎದೆ ಉಳಿಸುವ ಆಪರೇಶನ್: ಪೂರ್ತಿ ತೆಗೆಸುವ ಮೊದಲು ತಿಳಿಯಬೇಕಾದದ್ದು

ಮುಂಬೈಯ ಪರೇಲ್‌ನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಗೆ ಕರ್ನಾಟಕದಿಂದ ಬರುವವರು ಬಹಳ ಜನ. ಕಲಬುರಗಿ, ಬೀದರ್, ವಿಜಯಪುರ, ಬೆಳಗಾವಿ ಕಡೆಯವರು ರಾತ್ರಿ ರೈಲು ಹಿಡಿದು ಬರುತ್ತಾರೆ. ಮಾಟುಂಗಾ, ಡೊಂಬಿವಲಿ, ಠಾಣೆಯಲ್ಲಿ ನೆಲೆಸಿದ ನಮ್ಮವರೂ ಇದ್ದಾರೆ. ಹಿಂದಿ, ಮರಾಠಿ ಸರಿಯಾಗಿ ಬಾರದವರ ಜೊತೆ ಕೂತು ಡಾಕ್ಟರ ಮಾತನ್ನು ಕನ್ನಡದಲ್ಲಿ ತಿಳಿಸಿ ಹೇಳಲು ನಾನು ಆಗಾಗ ಹೋಗುತ್ತೇನೆ. ಸ್ತನ ಕ್ಯಾನ್ಸರ್ ಆದ ಹೆಣ್ಣುಮಕ್ಕಳ ಮನೆಯವರು ಹೆಚ್ಚಾಗಿ ಹೇಳುವ ಮಾತು ಇದು: "ಅಕ್ಕಾರ, ಪೂರಾ ತಗದು ಬಿಡ್ರಿ ಅಂತ ಹೇಳ್ರಿ. ಅರ್ಧ ಬಿಟ್ರ ಮತ್ತ ಬರತೈತಿ."

ಆ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಆ ಲೆಕ್ಕ ತಪ್ಪು. ರೋಗ ಬೇಗ ಗೊತ್ತಾದ ಬಹುಪಾಲು ಹೆಂಗಸರಿಗೆ ಪೂರ್ತಿ ಸ್ತನ ತೆಗೆಸಿದರೆ ಆಯುಷ್ಯ ಜಾಸ್ತಿಯಾಗುವುದಿಲ್ಲ. ಗಡ್ಡೆಯನ್ನು ಮಾತ್ರ ಸರಿಯಾಗಿ ತೆಗೆದು, ಉಳಿದ ಸ್ತನಕ್ಕೆ ರೇಡಿಯೇಶನ್ ಕೊಟ್ಟರೂ ಅಷ್ಟೇ ಕಾಲ ಬದುಕುತ್ತಾರೆ. ಇದು ಇಪ್ಪತ್ತು ವರ್ಷ ಕಾದು ನೋಡಿ ಕಂಡುಕೊಂಡ ಸಂಗತಿ. "ಪೂರ್ತಿಯೋ ಅರ್ಧವೋ" ಎನ್ನುವ ಪ್ರಶ್ನೆಯಲ್ಲೇ ನಿಂತುಬಿಟ್ಟರೆ ಮುಖ್ಯವಾದ ಪ್ರಶ್ನೆಗಳು ಹಿಂದೆ ಬೀಳುತ್ತವೆ. ಸ್ತನದ ಅಳತೆಗೆ ಹೋಲಿಸಿದರೆ ಗಡ್ಡೆ ಎಷ್ಟು ದೊಡ್ಡದು? ಅದು ಎಲ್ಲಿದೆ? ರೇಡಿಯೇಶನ್‌ಗೆ ಕೊನೆತನಕ ಬರಲು ಆಗುತ್ತದೆಯೇ? ಯಾವ ಬಗೆಯ ಆಪರೇಶನ್ ಎಂದು ತೀರ್ಮಾನವಾಗುವುದು ಈ ಮೂರರ ಮೇಲೆ.

ದೊಡ್ಡ ಗಾಯವೇ ಸುರಕ್ಷಿತ ಎಂದು ನಂಬಿದ್ದ ಕಾಲ

ಜನರ ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ಡಾಕ್ಟರುಗಳೂ ಹಾಗೇ ನಂಬಿದ್ದರು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಸ್ತನ, ಅದರ ಕೆಳಗಿನ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಒಟ್ಟಿಗೆ ತೆಗೆಯುವ ಆಪರೇಶನ್ ರೂಢಿಗೆ ತಂದರು. ಕ್ಯಾನ್ಸರ್ ಒಂದು ಕಡೆ ಶುರುವಾಗಿ ಪಕ್ಕಪಕ್ಕಕ್ಕೆ ಹರಡುತ್ತದೆ, ಆದ್ದರಿಂದ ಅಗಲವಾಗಿ ಕೊಯ್ದಷ್ಟೂ ಒಳ್ಳೆಯದು ಎಂಬುದು ಆಗಿನ ತಿಳಿವಳಿಕೆ. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಹೆಣ್ಣುಮಕ್ಕಳು ಇದನ್ನೇ ಅನುಭವಿಸಿದರು. ಎದೆಗೂಡಿನ ಎಲುಬು ಕಾಣುತ್ತಿತ್ತು. ಕೈ ಊದಿಕೊಳ್ಳುತ್ತಿತ್ತು.

ಇದನ್ನು ಪ್ರಶ್ನಿಸಿದವರಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ 1973ರಿಂದ 1980ರವರೆಗೆ 701 ಹೆಂಗಸರನ್ನು ಪ್ರಯೋಗಕ್ಕೆ ಸೇರಿಸಿಕೊಂಡರು. ಎಲ್ಲರಿಗೂ 2 ಸೆಂ.ಮೀ. ಒಳಗಿನ ಗಡ್ಡೆ. ಯಾರಿಗೆ ಯಾವ ಆಪರೇಶನ್ ಎಂಬುದನ್ನು ಡಾಕ್ಟರು ಆರಿಸಲಿಲ್ಲ, ಚೀಟಿ ಎತ್ತಿದ ಹಾಗೆ ಹಂಚಿದರು. ಅರ್ಧ ಜನರಿಗೆ ಹಾಲ್‌ಸ್ಟೆಡ್ ಆಪರೇಶನ್, ಉಳಿದವರಿಗೆ ಸ್ತನದ ಕಾಲು ಭಾಗ ಮಾತ್ರ ತೆಗೆದು ರೇಡಿಯೇಶನ್. 2002ರಲ್ಲಿ 20 ವರ್ಷದ ಫಲಿತಾಂಶ ಪ್ರಕಟವಾಯಿತು. ಬದುಕುಳಿದವರ ಲೆಕ್ಕದಲ್ಲಿ ಎರಡೂ ಗುಂಪು ಸರಿಸಮ.

ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ 1976ರಲ್ಲಿ ಶುರುಮಾಡಿದ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 4 ಸೆಂ.ಮೀ. ತನಕದ ಗಡ್ಡೆ, 1,851 ಹೆಂಗಸರು, ಮೂರು ಗುಂಪು: ಪೂರ್ತಿ ತೆಗೆದವರು, ಗಡ್ಡೆ ಮಾತ್ರ ತೆಗೆದವರು, ಗಡ್ಡೆ ತೆಗೆದು ರೇಡಿಯೇಶನ್ ಕೊಟ್ಟವರು. ಬದುಕುಳಿದವರ ಲೆಕ್ಕ ಇಲ್ಲೂ ಒಂದೇ. ಆದರೆ ಅದೇ ಸ್ತನದಲ್ಲಿ ರೋಗ ಮತ್ತೆ ಬಂದ ಲೆಕ್ಕ ನೋಡಿ. 20 ವರ್ಷದಲ್ಲಿ ರೇಡಿಯೇಶನ್ ತೆಗೆದುಕೊಂಡವರಲ್ಲಿ 14.3 ಶೇಕಡಾ, ತೆಗೆದುಕೊಳ್ಳದವರಲ್ಲಿ 39.2 ಶೇಕಡಾ.

ಹಾಗಾದರೆ ಮನೆಯವರ ಭಯದಲ್ಲಿ ಸ್ವಲ್ಪವಾದರೂ ನಿಜ ಇದೆ ಅಲ್ವಾ? ಇದೆ. ಮಿಲಾನ್ ಪ್ರಯೋಗದಲ್ಲೂ ಸ್ತನ ಉಳಿಸಿಕೊಂಡವರಲ್ಲಿ 8.8 ಶೇಕಡಾ ಜನರಿಗೆ ಅಲ್ಲೇ ಮರಳಿತು. ಪೂರ್ತಿ ತೆಗೆದವರಲ್ಲಿ ಅದು 2.3 ಶೇಕಡಾ. ಗಮನಿಸಿ, ಪೂರ್ತಿ ತೆಗೆದರೂ ಸೊನ್ನೆ ಆಗಲಿಲ್ಲ. ಎದೆಯ ಚರ್ಮದಲ್ಲಿ, ಗಾಯದ ಗೆರೆಯಲ್ಲಿ ಆಗಲೂ ಬರಬಹುದು. ಸ್ತನದಲ್ಲೇ ಮರಳಿದರೆ ಮತ್ತೆ ಆಪರೇಶನ್ ಮಾಡಿ ತೆಗೆಯಲು ಸಾಮಾನ್ಯವಾಗಿ ದಾರಿ ಇರುತ್ತದೆ. ಜೀವಕ್ಕೆ ಅಪಾಯ ತರುವುದು ಹೆಚ್ಚಾಗಿ ಎಲುಬು, ಶ್ವಾಸಕೋಶ, ಲಿವರ್‌ಗೆ ಮೊದಲೇ ಹೋಗಿ ಕುಳಿತ ಕ್ಯಾನ್ಸರ್ ಕಣಗಳು. ಅವುಗಳ ಮೇಲೆ ಸರ್ಜನ್‌ನ ಕತ್ತಿ ನಡೆಯುವುದಿಲ್ಲ. ಅವಕ್ಕೆ ಕೀಮೋ, ಹಾರ್ಮೋನ್ ಮಾತ್ರೆ (ಹಾರ್ಮೋನ್‌ನ ಪ್ರಭಾವ ತಡೆಯುವ ಮಾತ್ರೆ) ಇಂಥ ಔಷಧಗಳೇ ಬೇಕು. ಈಗ ಆ ಔಷಧಗಳು ಸುಧಾರಿಸಿರುವುದರಿಂದ ಸ್ತನದಲ್ಲೇ ಮರಳುವ ಪ್ರಮಾಣವೂ ಆಗಿನದಕ್ಕಿಂತ ಬಹಳ ಇಳಿದಿದೆ.

ಸ್ವೀಡನ್‌ನ ಸುಮಾರು 49 ಸಾವಿರ ಹೆಂಗಸರ ದಾಖಲೆಗಳನ್ನು ನೋಡಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ತನ ಉಳಿಸಿ ರೇಡಿಯೇಶನ್ ಪಡೆದವರೇ ಸ್ವಲ್ಪ ಹೆಚ್ಚು ಬದುಕಿದ್ದು ಕಂಡಿತು. ಅದು ಚೀಟಿ ಎತ್ತಿ ಹಂಚಿದ ಪ್ರಯೋಗವಲ್ಲ, ಆಗಿಹೋದ ದಾಖಲೆಗಳ ಲೆಕ್ಕ. ಆದ್ದರಿಂದ "ಉಳಿಸಿದರೇ ಆಯುಷ್ಯ ಜಾಸ್ತಿ" ಎಂದು ನಾನು ಹೇಳುವುದಿಲ್ಲ. ಉಳಿಸಿದರೆ ಆಯುಷ್ಯ ಕಡಿಮೆ ಎನ್ನುವ ಮಾತಿಗಂತೂ ಆಧಾರವಿಲ್ಲ.

ಒಂದೇ ಹೆಸರು, ಹಲವು ಬಗೆ

"ಬ್ರೆಸ್ಟ್ ಕನ್ಸರ್ವೇಶನ್" ಎಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಆದರೆ ಅದು ಒಂದೇ ಆಪರೇಶನ್ ಅಲ್ಲ.

ಎಲ್ಲಕ್ಕಿಂತ ಸರಳವಾದದ್ದು ಲಂಪೆಕ್ಟಮಿ. ಇದನ್ನೇ ವೈಡ್ ಲೋಕಲ್ ಎಕ್ಸಿಶನ್ ಎಂದೂ ಬರೆಯುತ್ತಾರೆ. ಗಡ್ಡೆ, ಅದರ ಸುತ್ತ ಒಂದಷ್ಟು ಆರೋಗ್ಯವಂತ ಭಾಗ, ಇಷ್ಟನ್ನು ತೆಗೆಯುತ್ತಾರೆ. ಒಳಗೆ ಒಂದು ಪೊಳ್ಳು ಉಳಿಯುತ್ತದೆ. ಹಿಂದೆಲ್ಲ ಚರ್ಮ ಮಾತ್ರ ಹೊಲಿದು ಆ ಪೊಳ್ಳನ್ನು ಹಾಗೇ ಬಿಡುತ್ತಿದ್ದರು. ಅದರಲ್ಲಿ ನೀರು ತುಂಬಿ ಮೊದಲ ಕೆಲವು ವಾರ ಸ್ತನ ಚೆನ್ನಾಗೇ ಕಾಣುತ್ತದೆ. ಆಮೇಲೆ ನೀರು ಆರುತ್ತದೆ, ರೇಡಿಯೇಶನ್‌ನಿಂದ ಒಳಗಿನ ಮಾಂಸ ಗಟ್ಟಿಯಾಗಿ ಎಳೆದುಕೊಳ್ಳುತ್ತದೆ, ಅಲ್ಲಿ ಗುಳಿ ಬೀಳುತ್ತದೆ. ಗಡ್ಡೆ ಚಿಕ್ಕದಿದ್ದು ಸ್ತನ ದೊಡ್ಡದಿದ್ದರೆ ಇದು ಗೊತ್ತೇ ಆಗುವುದಿಲ್ಲ. ಇಲ್ಲದಿದ್ದರೆ ಮೊಲೆತೊಟ್ಟು ಒಂದು ಕಡೆಗೆ ತಿರುಗಿ, ಆಕಾರ ಕೆಟ್ಟು, ಆಕೆ ಕನ್ನಡಿ ಮುಂದೆ ನಿಲ್ಲುವುದನ್ನೇ ಬಿಡುವಂತಾಗುತ್ತದೆ. "ಜೀವ ಉಳೀತಲ್ಲ, ಇನ್ನೇನು" ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಸ್ತನ ಉಳಿಸುವುದು ಅದು ಸ್ತನದ ಹಾಗೆ ಉಳಿಯಲಿ ಎಂದೇ ಅಲ್ವಾ?

ವೆರೊನೇಸಿ ಮಾಡಿದ್ದು ಕ್ವಾಡ್ರಂಟೆಕ್ಟಮಿ. ಸ್ತನವನ್ನು ನಾಲ್ಕು ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವನ್ನು, ಮೇಲಿನ ಚರ್ಮ ಮತ್ತು ಕೆಳಗಿನ ಸ್ನಾಯುವಿನ ಹೊದಿಕೆಯ ಸಮೇತ ತೆಗೆಯುವುದು. ಸುತ್ತ ಹೆಚ್ಚು ತೆಗೆದಷ್ಟೂ ಅಲ್ಲೇ ಮರಳುವುದು ಸ್ವಲ್ಪ ಕಡಿಮೆ. ಆದರೆ ಆಕಾರ ಕೆಡುವುದು ಜಾಸ್ತಿ. ಈಗ ಇದನ್ನು ಹಾಗೇ ಮಾಡುವುದು ಅಪರೂಪ. ಧಾರಾಳವಾಗಿ ತೆಗೆಯಬೇಕು, ಆಕಾರವೂ ಉಳಿಯಬೇಕು ಎಂಬ ಈ ಎಳೆದಾಟಕ್ಕೆ ಉತ್ತರವಾಗಿ ಬಂದದ್ದು ಆಂಕೋಪ್ಲಾಸ್ಟಿ. ಕ್ಯಾನ್ಸರ್ ಸರ್ಜನ್‌ನ ಕೆಲಸಕ್ಕೆ ಪ್ಲಾಸ್ಟಿಕ್ ಸರ್ಜನ್‌ನ ಕೈಚಳಕ ಸೇರಿಸುವುದು. 1990ರ ದಶಕದಲ್ಲಿ ಯುರೋಪಿನಲ್ಲಿ ಬೆಳೆದ ಈ ವಿಧಾನವನ್ನು ಇವತ್ತು ಮುಂಬೈ, ಪುಣೆಯ ದೊಡ್ಡ ಆಸ್ಪತ್ರೆಗಳಲ್ಲೂ ಮಾಡುತ್ತಾರೆ.

ಇದರಲ್ಲಿ ಎರಡು ದಾರಿ. ಬ್ಲೌಸ್ ಹೊಲಿಯುವವರಿಗೆ ಇದು ಥಟ್ಟನೆ ಹೊಳೆಯುತ್ತದೆ: ಹರಿದ ಜಾಗವನ್ನು ಕತ್ತರಿಸಿ, ಇರುವ ಬಟ್ಟೆಯನ್ನೇ ಎಳೆದು ಚಿಕ್ಕ ಅಳತೆಗೆ ಹೊಲಿಯುವುದು ಒಂದು, ಬೇರೆ ಕಡೆಯಿಂದ ತುಂಡು ತಂದು ಸೇರಿಸುವುದು ಇನ್ನೊಂದು.

ಮೊದಲನೆಯ ದಾರಿಯಲ್ಲಿ ಸ್ತನದ ಉಳಿದ ಭಾಗವನ್ನೇ ಸರಿಸಿ ಪೊಳ್ಳು ತುಂಬುತ್ತಾರೆ. ಪ್ಯಾರಿಸ್‌ನ ಸರ್ಜನ್ ಕ್ಲೋ ಮತ್ತು ಅವರ ಜೊತೆಗಾರರು 2010ರಲ್ಲಿ ಇದಕ್ಕೆ ಒಂದು ಸುಲಭ ಅಳತೆಗೋಲು ಕೊಟ್ಟರು. ಸ್ತನದ 20 ಶೇಕಡಾಕ್ಕಿಂತ ಕಡಿಮೆ ತೆಗೆಯುವುದಾದರೆ ಒಂದನೇ ಹಂತ. ಗಡ್ಡೆ ತೆಗೆದ ಮೇಲೆ ಅಕ್ಕಪಕ್ಕದ ಮಾಂಸವನ್ನು ಚರ್ಮದಿಂದ, ಸ್ನಾಯುವಿನಿಂದ ಸಡಿಲ ಮಾಡಿ ಒಂದಕ್ಕೊಂದು ಸೇರಿಸಿ ಹೊಲಿಯುತ್ತಾರೆ. ಆಪರೇಶನ್ ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೇ. ನನ್ನ ಅಭಿಪ್ರಾಯದಲ್ಲಿ ಇಷ್ಟನ್ನಾದರೂ ಎಲ್ಲ ಕಡೆ ಮಾಡಬೇಕು. ವಯಸ್ಸಾದವರ ಸ್ತನದಲ್ಲಿ ಕೊಬ್ಬಿನ ಅಂಶ ಜಾಸ್ತಿ. ಅಂಥ ಕಡೆ ಹೆಚ್ಚು ಸಡಿಲ ಮಾಡಿದರೆ ರಕ್ತ ಸಾಲದೆ ಕೊಬ್ಬು ಸತ್ತು ಗಟ್ಟಿಯಾಗುತ್ತದೆ. ಅನುಭವಿ ಸರ್ಜನ್ ಇದನ್ನು ನೋಡಿಕೊಂಡೇ ಕೈ ಹಾಕುತ್ತಾರೆ.

20ರಿಂದ 50 ಶೇಕಡಾ ತೆಗೆಯಬೇಕಾದರೆ ಎರಡನೇ ಹಂತ. ಇಲ್ಲಿ ಚರ್ಮವನ್ನೂ ತೆಗೆದು, ಮೊಲೆತೊಟ್ಟನ್ನು ಹೊಸ ಜಾಗಕ್ಕೆ ಸರಿಸಿ, ಇಡೀ ಸ್ತನವನ್ನೇ ಹೊಸದಾಗಿ ಕಟ್ಟುತ್ತಾರೆ. ದೊಡ್ಡದಾಗಿ ಜೋತು ಬಿದ್ದ ಸ್ತನವಿದ್ದರೆ, ಸ್ತನ ಚಿಕ್ಕದು ಮಾಡುವ ಪ್ಲಾಸ್ಟಿಕ್ ಸರ್ಜರಿಯ ಗೆರೆಗಳಲ್ಲೇ ಕೊಯ್ದು ಗಡ್ಡೆಯನ್ನು ತೆಗೆಯಬಹುದು. ಸ್ತನ ಚಿಕ್ಕದಾಗಿ, ಮೇಲೆದ್ದು ನಿಲ್ಲುತ್ತದೆ. ಬೆನ್ನು, ಹೆಗಲಿನ ನೋವು ಇದ್ದವರಿಗೆ ಅದೂ ಹಗುರವಾಗುತ್ತದೆ. ಆದರೆ ಎರಡು ಕಡೆ ಅಳತೆ ಬೇರೆಯಾಗುತ್ತದೆ. ಸರಿದೂಗಿಸಲು ಇನ್ನೊಂದು ಸ್ತನಕ್ಕೂ ಆಪರೇಶನ್ ಮಾಡುತ್ತಾರೆ, ಅದೇ ಸಲ ಅಥವಾ ರೇಡಿಯೇಶನ್ ಎಲ್ಲ ಮುಗಿದ ಮೇಲೆ. "ರೋಗ ಇಲ್ಲದ ಕಡೆ ಯಾಕೆ ಕೈ ಹಾಕುತ್ತಾರೆ" ಎಂದು ಮನೆಯವರು ಗಾಬರಿಯಾಗುವುದು ಇಲ್ಲೇ. ಕಾರಣ ಮೊದಲೇ ಗೊತ್ತಿದ್ದರೆ ಆ ಗಾಬರಿ ಇರುವುದಿಲ್ಲ.

ಎರಡನೆಯ ದಾರಿ, ಹೊರಗಿನಿಂದ ಮಾಂಸ ತಂದು ತುಂಬುವುದು. ಸ್ತನ ಚಿಕ್ಕದು, ಗಡ್ಡೆ ದೊಡ್ಡದು, ಸರಿಸಲು ಒಳಗೆ ಮಾಂಸವೇ ಇಲ್ಲ ಎಂದಾಗ ಇದು ಬೇಕಾಗುತ್ತದೆ. ಹಳೆಯ ವಿಧಾನದಲ್ಲಿ ಬೆನ್ನಿನ ಅಗಲ ಸ್ನಾಯುವನ್ನು ಕಂಕುಳ ಕೆಳಗಿನಿಂದ ಮುಂದೆ ತಿರುಗಿಸಿ ತರುತ್ತಾರೆ. ಗಟ್ಟಿಮುಟ್ಟಾದ ವಿಧಾನ. ಆದರೆ ಬೆನ್ನಿನ ಮೇಲೆ ಗಾಯ, ಅಲ್ಲಿ ನೀರು ತುಂಬುವುದು, ಹೆಗಲಿನ ಬಲ ಸ್ವಲ್ಪ ಕುಂದುವುದು, ಇವೆಲ್ಲ ಇರುತ್ತವೆ. ಹೊಲದಲ್ಲಿ ದುಡಿಯುವ, ತಲೆ ಮೇಲೆ ಕೊಡ ಹೊರುವ ಹೆಂಗಸಿಗೆ ಹೆಗಲ ಬಲ ಸಣ್ಣ ಮಾತಲ್ಲ. ಡಾಕ್ಟರಿಗೆ ಅದನ್ನು ಬಾಯಿ ಬಿಟ್ಟು ಹೇಳಬೇಕು. ಈಚಿನ ವಿಧಾನದಲ್ಲಿ ಸ್ನಾಯುವನ್ನು ಮುಟ್ಟುವುದಿಲ್ಲ. ಕಂಕುಳ ಕೆಳಗೆ, ಪಕ್ಕೆಯಲ್ಲಿರುವ ಚರ್ಮ ಮತ್ತು ಕೊಬ್ಬನ್ನು ಅದರ ಸಣ್ಣ ರಕ್ತನಾಳದ ಸಮೇತ ತಿರುಗಿಸಿ ಪೊಳ್ಳಿಗೆ ತುಂಬುತ್ತಾರೆ. ಲೈಕ್ಯಾಪ್ ಫ್ಲಾಪ್ ಎಂದು ಹೇಳುವುದು ಇದನ್ನೇ. ಗಾಯದ ಗೆರೆ ಪಕ್ಕೆಯಲ್ಲಿ, ಬ್ರಾ ಪಟ್ಟಿಯ ಕೆಳಗೆ ಮುಚ್ಚಿಹೋಗುತ್ತದೆ. ಸ್ತನದ ಹೊರಭಾಗದ ಗಡ್ಡೆಗೆ ಇದು ಚೆನ್ನಾಗಿ ಹೊಂದುತ್ತದೆ, ಇನ್ನೊಂದು ಸ್ತನವನ್ನು ಮುಟ್ಟಬೇಕಾಗುವುದೂ ಕಡಿಮೆ.

ಜಾಗದ ಮಾತು ಬಂತಲ್ಲ, ಅದನ್ನೂ ನೋಡಿ. ಕಂಕುಳ ಕಡೆಯ ಮೇಲ್ಭಾಗದಲ್ಲಿ ಮಾಂಸ ಹೆಚ್ಚು, ಅಲ್ಲಿ ಸ್ವಲ್ಪ ಜಾಸ್ತಿ ತೆಗೆದರೂ ಸ್ತನ ತಡೆದುಕೊಳ್ಳುತ್ತದೆ. ಕೆಳಭಾಗದಲ್ಲಿ ತೆಗೆದು ಸುಮ್ನೆ ಹೊಲಿದರೆ ಮೊಲೆತೊಟ್ಟು ಹಕ್ಕಿಯ ಕೊಕ್ಕಿನಂತೆ ಕೆಳಗೆ ಬಾಗುತ್ತದೆ. ಎದೆಯ ನಡುಭಾಗದ ಕಡೆ, ಮೇಲ್ಗಡೆ ಇದ್ದರೆ ಅಲ್ಲಿ ಮಾಂಸವೂ ಕಡಿಮೆ, ಬ್ಲೌಸಿನ ಕತ್ತಿನ ಹತ್ತಿರ ಗುಳಿ ಕಾಣುವುದೂ ಬೇಗ. ಮೊಲೆತೊಟ್ಟಿನ ಕೆಳಗೇ ಗಡ್ಡೆ ಇದ್ದರೆ ಹಿಂದೆ ಪೂರ್ತಿ ತೆಗೆಯುತ್ತಿದ್ದರು. ಈಗ ತೊಟ್ಟು ಮತ್ತು ನಡುಭಾಗ ಮಾತ್ರ ತೆಗೆದು, ಕೆಳಗಿನಿಂದ ಚರ್ಮ ಸಮೇತ ಮಾಂಸವನ್ನು ಮೇಲೆ ಸರಿಸಿ ಉಬ್ಬು ಉಳಿಸುತ್ತಾರೆ.

ಆಂಕೋಪ್ಲಾಸ್ಟಿ ಎಲ್ಲರಿಗೂ ಬೇಕು ಎಂದಲ್ಲ. ಆಪರೇಶನ್ ದೊಡ್ಡದಾದಷ್ಟೂ ಗಾಯ ಮಾಯಲು ತಡವಾಗುವ ಅಪಾಯ ಜಾಸ್ತಿ. ಗಾಯ ಮಾಯದೆ ಕೀಮೋ, ರೇಡಿಯೇಶನ್ ಶುರುಮಾಡುವ ಹಾಗಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ತಂಬಾಕು ಬಳಸುವವರಿಗೆ ಈ ಅಪಾಯ ಇನ್ನೂ ಹೆಚ್ಚು. ನಮ್ಮ ಕಡೆ, ಮಹಾರಾಷ್ಟ್ರದ ಕಡೆ ಹೆಂಗಸರಿಗೆ ಹಲ್ಲಿಗೆ ಮಿಶ್ರಿ ಹಚ್ಚುವ ರೂಢಿ ಇದೆ. ಅದೂ ತಂಬಾಕೇ. ಅತ್ತೆಯ ಮುಂದೆ, ಮಗನ ಮುಂದೆ ನಾಚಿಕೊಂಡು ಮುಚ್ಚಿಡುತ್ತಾರೆ. ದಯವಿಟ್ಟು ಡಾಕ್ಟರಿಗೆ ಹೇಳಿ. ಇನ್ನೊಂದು ಮಾತು: ಸಾದಾ ಲಂಪೆಕ್ಟಮಿ ಮತ್ತು ಆಂಕೋಪ್ಲಾಸ್ಟಿಯನ್ನು ಹೋಲಿಸುವ ಹೆಚ್ಚಿನ ಅಧ್ಯಯನಗಳು ಚೀಟಿ ಎತ್ತಿ ಹಂಚಿದವಲ್ಲ, ಆಸ್ಪತ್ರೆಗಳ ದಾಖಲೆಯಿಂದ ತೆಗೆದವು. ರೋಗ ಮರಳುವ ವಿಷಯದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಎಂದು ಅವು ತೋರಿಸುತ್ತವೆ. ಲಾಭ ಇರುವುದು ಆಕಾರದಲ್ಲಿ, ಮತ್ತು ಪೂರ್ತಿ ತೆಗೆಯಬೇಕಾಗಿದ್ದ ಕೆಲವರಿಗೆ ಉಳಿಸಿಕೊಳ್ಳುವ ಅವಕಾಶ ಸಿಗುವುದರಲ್ಲಿ.

ಅಂಚಿನಲ್ಲಿ ರೋಗ ಉಳಿದಿದೆಯೇ?

ಯಾವ ಬಗೆ ಮಾಡಿದರೂ ಕೊನೆಗೆ ಎಲ್ಲವೂ ನಿಲ್ಲುವುದು ಇಲ್ಲಿ. ತೆಗೆದ ಮಾಂಸದ ಹೊರಮೈಗೆ ಪೆಥಾಲಜಿಯವರು ಬಣ್ಣದ ಶಾಯಿ ಹಚ್ಚುತ್ತಾರೆ. ಆಮೇಲೆ ತೆಳುವಾಗಿ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕ್ಯಾನ್ಸರ್ ಕಣ ಶಾಯಿಗೆ ತಾಗಿದ್ದರೆ ಅಂಚು ಪಾಸಿಟಿವ್. ಅಂದರೆ ಒಳಗೆ ಸ್ವಲ್ಪ ಉಳಿದಿರಬಹುದು. ತಾಗದಿದ್ದರೆ ಸಾಕು, ಇನ್ನೂ ಅಗಲವಾಗಿ ತೆಗೆಯಬೇಕಾಗಿಲ್ಲ ಎಂದು 2014ರಲ್ಲಿ ಅಮೆರಿಕದ ಕ್ಯಾನ್ಸರ್ ಸರ್ಜನ್‌ಗಳ ಮತ್ತು ರೇಡಿಯೇಶನ್ ತಜ್ಞರ ಸಂಘಗಳು ಸೇರಿ ತೀರ್ಮಾನ ಕೊಟ್ಟವು. ಅದಕ್ಕೂ ಮೊದಲು ಒಬ್ಬೊಬ್ಬ ಸರ್ಜನ್‌ಗೆ ಒಂದೊಂದು ಅಳತೆ ಇತ್ತು, ಸುಮ್ಮನೆ ಎರಡನೇ ಆಪರೇಶನ್ ಆದವರು ಎಷ್ಟೋ ಜನ. ಹಾಲಿನ ನಾಳದೊಳಗೇ ಇರುವ, ಹೊರಗೆ ಹರಡದ ಡಿಸಿಐಎಸ್ ಎಂಬ ಬಗೆಗೆ ಮಾತ್ರ 2 ಮಿ.ಮೀ. ಅಂಚು ಬೇಕು ಎಂದು 2016ರಲ್ಲಿ ಹೇಳಿದರು.

ಅಂಚು ಪಾಸಿಟಿವ್ ಬಂದರೆ ಮತ್ತೆ ಆಪರೇಶನ್. ಊರಿನಿಂದ ಬಂದು ದಾದರ್‌ನ ಧರ್ಮಶಾಲೆಯಲ್ಲಿ ಇಳಿದುಕೊಂಡವರಿಗೆ ಇದು ದೊಡ್ಡ ಪೆಟ್ಟು. ಖರ್ಚು, ರಜೆ, ಭಯ, ಎಲ್ಲ ಮತ್ತೆ ಮೊದಲಿನಿಂದ. ಇದನ್ನು ತಪ್ಪಿಸಲು ಎರಡು ಉಪಾಯ ಇವೆ. ಒಂದು ಫ್ರೋಜನ್ ಸೆಕ್ಷನ್. ರೋಗಿ ಆಪರೇಶನ್ ಟೇಬಲ್ ಮೇಲೆ ಇರುವಾಗಲೇ ಮಾಂಸವನ್ನು ಹೆಪ್ಪುಗಟ್ಟಿಸಿ ಅಂಚು ನೋಡಿ ಹೇಳುತ್ತಾರೆ, ಬೇಕಿದ್ದರೆ ಆಗಲೇ ಇನ್ನಷ್ಟು ತೆಗೆಯುತ್ತಾರೆ. ಒಳ್ಳೆಯ ಪೆಥಾಲಜಿ ವಿಭಾಗ ಇರುವ ಕಡೆ ಮಾತ್ರ ಇದು ಸಾಧ್ಯ. ಇನ್ನೊಂದು, ಗಡ್ಡೆ ತೆಗೆದ ಮೇಲೆ ಪೊಳ್ಳಿನ ಗೋಡೆಯಿಂದ ಸುತ್ತಲೂ ಒಂದು ತೆಳು ಪದರ ಹೆಚ್ಚಿಗೆ ತೆಗೆಯುವುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 235 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಅಂಚು ಪಾಸಿಟಿವ್ ಬರುವುದು 34 ಶೇಕಡಾದಿಂದ 19ಕ್ಕೆ ಇಳಿಯಿತು. ಎರಡನೇ ಆಪರೇಶನ್ 21ರಿಂದ 10ಕ್ಕೆ. ದುಬಾರಿ ಯಂತ್ರವಿಲ್ಲ, ಏನಿಲ್ಲ. ಸಣ್ಣ ಊರಿನ ಆಸ್ಪತ್ರೆಯಲ್ಲೂ ಮಾಡಬಹುದಾದ ಕೆಲಸ.

ದೊಡ್ಡ ಆಂಕೋಪ್ಲಾಸ್ಟಿ ಆದ ಮೇಲೆ ಅಂಚು ಪಾಸಿಟಿವ್ ಬಂದರೆ ತೊಡಕು ಜಾಸ್ತಿ. ಮಾಂಸ ಎಲ್ಲಿಂದ ಎಲ್ಲಿಗೋ ಸರಿದಿರುತ್ತದೆ, ಉಳಿದ ಜಾಗ ಹುಡುಕುವುದು ಕಷ್ಟ. ಕೆಲವರಿಗೆ ಆಗ ಪೂರ್ತಿ ತೆಗೆಯಬೇಕಾಗುತ್ತದೆ. ಅದಕ್ಕೇ ಗಡ್ಡೆ ಇದ್ದ ಜಾಗದ ಸುತ್ತ ಸಣ್ಣ ಲೋಹದ ಕ್ಲಿಪ್ ಇಡುತ್ತಾರೆ. ಮುಂದೆ ರೇಡಿಯೇಶನ್‌ನವರಿಗೂ ಆ ಕ್ಲಿಪ್ಪೇ ಗುರುತು.

ಕೈಗೆ ಸಿಗದ, ಮ್ಯಾಮೊಗ್ರಾಮಿನಲ್ಲಿ (ಸ್ತನದ ಎಕ್ಸ್‌ರೇಯಲ್ಲಿ) ಮಾತ್ರ ಕಂಡ ಗಡ್ಡೆಯಾದರೆ ಆಪರೇಶನ್‌ಗೆ ಮೊದಲು ತೆಳುವಾದ ತಂತಿ ಚುಚ್ಚಿ ಜಾಗ ತೋರಿಸುತ್ತಾರೆ, ಇಲ್ಲವೇ ಆಪರೇಶನ್ ಕೋಣೆಯಲ್ಲೇ ಸೋನೊಗ್ರಫಿ ಮಾಡುತ್ತಾರೆ.

ಗಡ್ಡೆ ದೊಡ್ಡದಿದ್ದರೆ ಮೊದಲು ಕೀಮೋ

ನಮ್ಮಲ್ಲಿ ಬಹಳ ಹೆಂಗಸರು ಗಡ್ಡೆ ದೊಡ್ಡದಾದ ಮೇಲೇ ಬರುತ್ತಾರೆ. ನಾಚಿಕೆ, ಮನೆಗೆಲಸ, "ನೋವಿಲ್ಲವಲ್ಲ" ಎಂಬ ಧೈರ್ಯ. ಅಂಥವರಿಗೂ ದಾರಿ ಮುಚ್ಚಿಲ್ಲ. ಮೊದಲು ಕೀಮೋ ಕೊಟ್ಟು ಗಡ್ಡೆ ಕರಗಿಸಿ, ಆಮೇಲೆ ಉಳಿಸುವ ಆಪರೇಶನ್ ಮಾಡಬಹುದು. ಹತ್ತು ಪ್ರಯೋಗಗಳ 4,756 ಹೆಂಗಸರ ಲೆಕ್ಕ 2018ರಲ್ಲಿ ಒಟ್ಟಾಗಿ ಪ್ರಕಟವಾಯಿತು. ಮೊದಲೇ ಕೀಮೋ ಪಡೆದವರಲ್ಲಿ 65 ಶೇಕಡಾ ಜನರಿಗೆ ಸ್ತನ ಉಳಿಸುವ ಆಪರೇಶನ್ ಆಯಿತು, ಆಮೇಲೆ ಪಡೆದವರಲ್ಲಿ 49. ಸಾವಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಆದರೆ ಅಲ್ಲೇ ಮರಳುವುದು 15 ವರ್ಷದಲ್ಲಿ 15.9ರ ಬದಲು 21.4 ಶೇಕಡಾ ಆಯಿತು. ಕರಗಿದ ಗಡ್ಡೆಯ ಜಾಗವನ್ನು ಸರಿಯಾಗಿ ಗುರುತಿಸಿ ತೆಗೆಯುವುದು ಎಷ್ಟು ಮುಖ್ಯ ಎಂದು ಇದರಿಂದ ಗೊತ್ತಾಗುತ್ತದೆ.

ಆದ್ದರಿಂದ ಕೀಮೋ ಶುರುವಾಗುವ ಮೊದಲೇ ಕೇಳಿ: "ಗಡ್ಡೆಯೊಳಗೆ ಕ್ಲಿಪ್ ಹಾಕಿದ್ದೀರಾ?" ಕೆಲವರಿಗೆ ಕೀಮೋದಿಂದ ಗಡ್ಡೆ ಪೂರ್ತಿ ಮಾಯವಾಗುತ್ತದೆ. ಸಂತೋಷದ ವಿಷಯವೇ. ಆದರೆ ಗುರುತಿಲ್ಲದಿದ್ದರೆ ಸರ್ಜನ್ ಎಲ್ಲಿ ಕೊಯ್ಯಬೇಕು? ಸಂದೇಹಕ್ಕೆ ಜಾಸ್ತಿ ತೆಗೆಯಬೇಕಾಗುತ್ತದೆ, ಇಲ್ಲವೇ ಪೂರ್ತಿಯೇ.

ಕಂಕುಳು

ಕಂಕುಳಿನ ಗ್ರಂಥಿಗೆ ರೋಗ ಹೋಗಿದೆಯೇ ಎಂದು ನೋಡುವುದು ಅದೇ ಆಪರೇಶನ್‌ನಲ್ಲಿ ನಡೆಯುತ್ತದೆ. ಹಿಂದೆ ಎಲ್ಲರಿಗೂ ಎಲ್ಲ ಗ್ರಂಥಿ ತೆಗೆಯುತ್ತಿದ್ದರು, ಕೈ ಊದುವುದು ಇದರಿಂದಲೇ. ಈಗ ನೀಲಿ ಬಣ್ಣ ಅಥವಾ ವಿಕಿರಣ ಸೂಸುವ ದ್ರವ ಚುಚ್ಚಿ, ಅದು ಮೊದಲು ಮುಟ್ಟುವ ಒಂದೆರಡು ಗ್ರಂಥಿ ಮಾತ್ರ ತೆಗೆದು ನೋಡುತ್ತಾರೆ. ಅದೇ ಸೆಂಟಿನೆಲ್ ನೋಡ್ ಪರೀಕ್ಷೆ. ಟಾಟಾದ ಸರ್ಜನ್‌ಗಳು ಇದಕ್ಕೆ ಬದಲಾಗಿ ಕಂಕುಳಿನ ಕೆಳಭಾಗದ ಗ್ರಂಥಿಗಳನ್ನು ಮಾತ್ರ ತೆಗೆದು ನೋಡುವ ವಿಧಾನವನ್ನು ಬೆಳೆಸಿದರು. ವಿಕಿರಣದ ದ್ರವ, ಅದನ್ನು ಹುಡುಕುವ ಯಂತ್ರ ಇಲ್ಲದ ಕಡೆಯೂ ಅದನ್ನು ಮಾಡಬಹುದು.

ಟಾಟಾದ ಮಾತು ಬಂದಾಗ ಇನ್ನೊಂದನ್ನು ಹೇಳದೆ ಇರಲಾರೆ. ಅಲ್ಲಿನ ಡಾ. ರಾಜೇಂದ್ರ ಬಡವೆ ನೇತೃತ್ವದಲ್ಲಿ ದೇಶದ ಹಲವು ಆಸ್ಪತ್ರೆಗಳು ಸೇರಿ 1,583 ಹೆಂಗಸರಲ್ಲಿ ಒಂದು ಪ್ರಯೋಗ ಮಾಡಿದವು. ಕೊಯ್ಯುವ 7ರಿಂದ 10 ನಿಮಿಷ ಮೊದಲು ಗಡ್ಡೆಯ ಸುತ್ತ ಲಿಗ್ನೊಕೇನ್ ಚುಚ್ಚುವುದು. ಹಲ್ಲಿನ ಡಾಕ್ಟರು ಜೋಮು ಬರಿಸಲು ಕೊಡುತ್ತಾರಲ್ಲ, ಅದೇ ಔಷಧ. 2023ರಲ್ಲಿ ಫಲಿತಾಂಶ ಬಂತು. ಐದು ವರ್ಷದ ನಂತರ ಬದುಕಿದ್ದವರು ಚುಚ್ಚಿದ ಗುಂಪಿನಲ್ಲಿ 90.1 ಶೇಕಡಾ, ಚುಚ್ಚದ ಗುಂಪಿನಲ್ಲಿ 86.4. ಇಷ್ಟು ಅಗ್ಗದ ಔಷಧ! ಬೇರೆ ದೇಶಗಳೂ ಇದನ್ನು ಪರೀಕ್ಷಿಸಿ ನೋಡಬೇಕು. ಅಲ್ಲಿಯವರೆಗೆ ನಿಮ್ಮ ಸರ್ಜನ್‌ಗೆ ಇದರ ಬಗ್ಗೆ ಒಂದು ಮಾತು ಕೇಳುವುದರಲ್ಲಿ ತಪ್ಪಿಲ್ಲ.

ರೇಡಿಯೇಶನ್ ಬಿಡುವ ಹಾಗಿಲ್ಲ

ಊರಲ್ಲಿ "ಕರೆಂಟ್ ಕೊಡೋದು" ಅನ್ನುತ್ತಾರಲ್ಲ, ಅದೇ ಇದು. ಸ್ತನ ಉಳಿಸುವ ಆಪರೇಶನ್‌ನ ಅರ್ಧ ಕೆಲಸ ಸರ್ಜನ್‌ನದು, ಇನ್ನರ್ಧ ಇದರದು. ಅನೇಕ ದೇಶಗಳ ಪ್ರಯೋಗಗಳ ಲೆಕ್ಕವನ್ನು 2011ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ರೇಡಿಯೇಶನ್‌ನಿಂದ ಹತ್ತು ವರ್ಷದಲ್ಲಿ ರೋಗ ಮರಳುವುದು 35 ಶೇಕಡಾದಿಂದ 19.3ಕ್ಕೆ ಇಳಿದಿತ್ತು. 15 ವರ್ಷದಲ್ಲಿ ಈ ರೋಗದಿಂದ ಸಾಯುವುದು 25.2ರಿಂದ 21.4ಕ್ಕೆ. ಅಂದರೆ ನಾಲ್ಕು ಜನರಿಗೆ ಮರಳುವುದನ್ನು ತಪ್ಪಿಸಿದರೆ ಒಂದು ಜೀವ ಉಳಿಯುತ್ತದೆ.

ಆಪರೇಶನ್ ಆಯಿತು, ಗಾಯ ಮಾಯಿತು, ಸುಗ್ಗಿ ಬಂತು, ಮಗಳ ಮದುವೆ ಬಂತು ಎಂದು ಊರಿಗೆ ಹೋಗಿ ಕೂತುಬಿಟ್ಟರೆ ಲೆಕ್ಕವೇ ಬದಲಾಗುತ್ತದೆ. ಮೊದಲೇ ಈ ಅನುಮಾನ ಇದ್ದರೆ ಅದನ್ನು ಆಪರೇಶನ್‌ಗೆ ಮೊದಲೇ ಹೇಳಬೇಕು. ರೇಡಿಯೇಶನ್‌ಗೆ ಬರಲು ಆಗುವುದೇ ಇಲ್ಲ ಎಂದಾದರೆ ಬಹಳಷ್ಟು ಹೆಂಗಸರಿಗೆ ಪೂರ್ತಿ ತೆಗೆಸುವುದೇ ಸರಿ. ಕೆಲವರಿಗೆ ಪೂರ್ತಿ ತೆಗೆದ ಮೇಲೂ ರೇಡಿಯೇಶನ್ ಬೇಕಾಗುತ್ತದೆ ಎಂಬುದೂ ನೆನಪಿರಲಿ, ವಿಶೇಷವಾಗಿ ಗಡ್ಡೆ ದೊಡ್ಡದಿದ್ದು ಕಂಕುಳಿಗೂ ಹೋಗಿದ್ದರೆ.

ಆದರೆ "ಆಗುವುದಿಲ್ಲ" ಎನ್ನುವ ಮೊದಲು ಎರಡು ವಿಷಯ ವಿಚಾರಿಸಿ. ಹಿಂದೆ ಐದಾರು ವಾರ ದಿನಾ ಬರಬೇಕಿತ್ತು. ಈಗ ಹೆಚ್ಚಿನ ಕಡೆ ಮೂರು ವಾರ, 15 ಸಲ. 2020ರಲ್ಲಿ ಬಂದ ಬ್ರಿಟನ್ನಿನ ಪ್ರಯೋಗವೊಂದು ಐದೇ ಸಲದಲ್ಲಿ, ಒಂದೇ ವಾರದಲ್ಲಿ ಮುಗಿಸಿದರೂ ಐದು ವರ್ಷದ ಫಲಿತಾಂಶ ಅಷ್ಟೇ ಚೆನ್ನಾಗಿದೆ ಎಂದು ತೋರಿಸಿತು. ಗಡ್ಡೆ ಇದ್ದ ಜಾಗಕ್ಕೆ ಹೆಚ್ಚಿನ ಡೋಸ್ ಬೇಕಾದರೆ ಕೆಲವು ದಿನ ಕೂಡುತ್ತವೆ. ಎರಡನೆಯದು, ಆಪರೇಶನ್ ಮುಂಬೈಯಲ್ಲಿ ಮಾಡಿಸಿ ರೇಡಿಯೇಶನ್ ಊರ ಹತ್ತಿರ ಮಾಡಿಸಬಹುದು. ಬೆಂಗಳೂರಿನ ಕಿದ್ವಾಯಿ, ಕಲಬುರಗಿಯಲ್ಲಿರುವ ಅದರ ಕೇಂದ್ರ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಇವೆ. ಸರದಿ ಎಷ್ಟು ದಿನ ಎಂದು ಆಪರೇಶನ್‌ಗೆ ಮೊದಲೇ ಫೋನ್ ಮಾಡಿ ತಿಳಿದುಕೊಂಡರೆ ಆಮೇಲೆ ಪರದಾಟ ಇರುವುದಿಲ್ಲ.

ವಯಸ್ಸಾದ ಕೆಲವರು ರೇಡಿಯೇಶನ್ ಬಿಡಬಹುದು. 65 ತುಂಬಿದ, 3 ಸೆಂ.ಮೀ. ಒಳಗಿನ ಹಾರ್ಮೋನ್ ಪಾಸಿಟಿವ್ (ಹಾರ್ಮೋನ್‌ನ ಬಲದಿಂದ ಬೆಳೆಯುವ) ಗಡ್ಡೆ ಇದ್ದ, ಕಂಕುಳಿಗೆ ಹೋಗದ 1,326 ಹೆಂಗಸರ ಪ್ರಯೋಗದ ಹತ್ತು ವರ್ಷದ ಫಲಿತಾಂಶ 2023ರಲ್ಲಿ ಬಂತು. ಬಿಟ್ಟವರಲ್ಲಿ 9.5 ಶೇಕಡಾ ಜನರಿಗೆ ಅಲ್ಲೇ ಮರಳಿತು, ತೆಗೆದುಕೊಂಡವರಲ್ಲಿ 0.9. ಬದುಕುಳಿದವರ ಲೆಕ್ಕ ಒಂದೇ. ಆದರೆ ಇವರೆಲ್ಲ ಹಾರ್ಮೋನ್ ಮಾತ್ರೆ ನುಂಗಬೇಕಿದ್ದವರು. ಮಾತ್ರೆಯನ್ನೂ ಬಿಟ್ಟು, ರೇಡಿಯೇಶನ್ನೂ ಬಿಡುವ ಹಾಗಿಲ್ಲ.

ಸ್ತನ ಉಳಿಸಲು ಆಗದವರು ಇದ್ದಾರೆ, ಅದನ್ನೂ ನೇರವಾಗಿ ಹೇಳಬೇಕು. ಇಡೀ ಸ್ತನ ಕೆಂಪಾಗಿ ಊದಿಕೊಂಡು ಬರುವ ಬಗೆಯ ಕ್ಯಾನ್ಸರ್, ಮ್ಯಾಮೊಗ್ರಾಮಿನಲ್ಲಿ ಸ್ತನದ ತುಂಬ ಹರಡಿದ ಸುಣ್ಣದ ಚುಕ್ಕೆಗಳು, ಮತ್ತೆ ಮತ್ತೆ ತೆಗೆದರೂ ಪಾಸಿಟಿವ್ ಬರುವ ಅಂಚು, ಹಿಂದೆ ಅದೇ ಎದೆಗೆ ರೇಡಿಯೇಶನ್ ಆಗಿರುವುದು, ಹೆರಿಗೆಯ ತನಕ ರೇಡಿಯೇಶನ್ ಮುಂದೂಡಲಾಗದ ಗರ್ಭಿಣಿಯರು. ಇಂಥ ಕಡೆ ಪೂರ್ತಿ ತೆಗೆಯುವುದೇ ಸರಿಯಾದ ಚಿಕಿತ್ಸೆ. ಬೇಕೆಂದವರಿಗೆ ಹೊಸ ಸ್ತನ ಕಟ್ಟುವ ಆಪರೇಶನ್ ಕೂಡ ಇದೆ. ಎಲ್ಲ ತಿಳಿದ ಮೇಲೂ "ನನಗೆ ಪೂರ್ತಿ ತೆಗೆಸಿದರೇ ನೆಮ್ಮದಿ" ಎನ್ನುವ ಹೆಂಗಸಿನ ಮಾತಿಗೂ ಬೆಲೆ ಇದೆ. ಆದರೆ ಆ ಮಾತು ಆಕೆಯದೇ ಆಗಿರಬೇಕು. ಗಂಡ, ಅತ್ತಿಗೆ, ಪಕ್ಕದ ಹಾಸಿಗೆಯವರು ಆಕೆಯ ಬದಲು ಹೇಳಿದ್ದಾಗಬಾರದು. ಡಾಕ್ಟರ ಮುಂದೆ ಕುರ್ಚಿಯಲ್ಲಿ ಆಕೆಯನ್ನೇ ಕೂರಿಸಿ.

ಆಪರೇಶನ್ ಆದವರಿಗೆ ವರ್ಷಕ್ಕೊಮ್ಮೆ ಎರಡೂ ಕಡೆ ಮ್ಯಾಮೊಗ್ರಾಮ್ ಆಗಬೇಕು. ಆಂಕೋಪ್ಲಾಸ್ಟಿ ಆದ ಸ್ತನದಲ್ಲಿ ಸತ್ತ ಕೊಬ್ಬು ಗಟ್ಟಿಯಾಗಿ ಹೊಸ ಗಂಟಿನಂತೆ ಕೈಗೆ ಸಿಗುವುದುಂಟು. ಹೆಚ್ಚಿನವು ರೋಗವಲ್ಲ, ಆದರೂ ತೋರಿಸಿಯೇ ತಿಳಿದುಕೊಳ್ಳಬೇಕು. ಊರಿನಲ್ಲಿ ಅದನ್ನು ನೋಡುವ ಡಾಕ್ಟರಿಗೆ ಯಾವ ಕಡೆಯ ಮಾಂಸ ಎಲ್ಲಿಗೆ ಸರಿದಿದೆ ಎಂದು ಗೊತ್ತಿರಬೇಕು. ಡಿಸ್‌ಚಾರ್ಜ್ ಚೀಟಿಯಲ್ಲಿ "ಬಿಸಿಎಸ್" (ಸ್ತನ ಉಳಿಸುವ ಆಪರೇಶನ್) ಎಂಬ ಮೂರಕ್ಷರ ಮಾತ್ರ ಇದ್ದರೆ ಸಾಲದು. ಯಾವ ಬಗೆಯ ಆಪರೇಶನ್, ಕ್ಲಿಪ್ ಎಲ್ಲಿದೆ, ಅಂಚಿನ ವರದಿ, ರೇಡಿಯೇಶನ್ ಎಷ್ಟು ಸಲ ಯಾವ ಜಾಗಕ್ಕೆ, ಇಷ್ಟನ್ನು ಬರೆಸಿಕೊಂಡು, ಹಳೆಯ ಮ್ಯಾಮೊಗ್ರಾಮ್ ಫಿಲಂ ಜೊತೆ ಒಂದೇ ಫೈಲಿನಲ್ಲಿ ಇಟ್ಟುಕೊಂಡು ರೈಲು ಹತ್ತಿ.